ಗಡಿಯಾರದ ವಾಕಿಂಗ್

ಯಜಮಾನರು: ಗೋಡೆ ಮೇಲಿದ್ದ ಗಡಿಯಾರಕ್ಕೆ ರೆಕ್ಕೆ ಬಂತೇನೇ? ಎಲ್ಲೇ ಅದು?

ಟೀಚರಮ್ಮ: ಯಾವ ಗಡಿಯಾರ ಅಂತ ಹೇಳಿ. ಈ ಮನೇಲಿ ಹನ್ನೊಂದಿವೆ. ಬಚ್ಚಲಲ್ಲೂ ಒಂದಿದೆ.

ಯಜಮಾನರು: ತಾರಸಿ ಕೋಣೆದು. ಉದ್ದ ಪೆಂಡುಲಮ್‌ದು. ನಮ್ಮಪ್ಪನ ಕಾಲದ್ದು.

ಟೀಚರಮ್ಮ: ತಾರಸಿ ಕೋಣೆಗೆ ನೀವ್ಯಾಕೆ ಹೋಗಿದ್ರಿ? ಮೂವತ್ತಾರು ಮೆಟ್ಟಿಲು! ಮೊನ್ನೆ ನೆಲದ ಮೇಲೆ ಬಿದ್ದ ಪೆನ್ನು ಎತ್ಕೊಡಿ ಅಂದಿದ್ದಕ್ಕೆ, 'ದಮ್ಮಿನವನಿಗೆ ಬಗ್ಗು ಅಂತೀಯಲ್ಲ, ನಿನಗೆ ಕರುಳಿದೆಯಾ' ಅಂದಿದ್ರಿ.

ಯಜಮಾನರು: ನಾನೆಲ್ಲಿ ಹೋದೆ? ಸದ್ದು ಕೇಳಿಸ್ತಿಲ್ಲ, ಅದಕ್ಕೇ ಕೇಳ್ದೆ. ಕಿವಿ ಕಣೇ, ಕಿವಿ. ನಲವತ್ತು ವರ್ಷ ಪಳಗಿದ ಕಿವಿ.

ಟೀಚರಮ್ಮ: ಅಲ್ಲಾರೀ, ಪಕ್ಕದಲ್ಲೇ ನಿಂತು 'ವಾಕಿಂಗ್ ಹೋಗಿ' ಅಂತ ಕೂಗಿದ್ರೆ ಕೇಳಿಸದ ಕಿವಿಗೆ, ಎರಡು ಮಹಡಿ ಮೇಲಿನ ಟಿಕ್ ಟಿಕ್ ಕೇಳಿಸುತ್ತಾ?

ಯಜಮಾನರು: ಗಡಿಯಾರ ಹೇಳಿದ್ದನ್ನೇ ಹೇಳಿದ್ರೂ ದನಿ ಏರಿಸಲ್ಲ. ಅದಕ್ಕೆ ಕೇಳಿಸುತ್ತೆ.

ಈ ಯಜಮಾನರು ಗಡಿಯಾರ ರಿಪೇರಿಯವರು. ಇದೇ ರಸ್ತೆಯ ಆ ತುದಿಯಲ್ಲಿ ಅವರ ಅಂಗಡಿ. ಹೋದ ವರ್ಷ ದಮ್ಮು ಜೋರಾದಾಗ ಶ್ವಾಸಕೋಶದ ಡಾಕ್ಟರು, "ಇದು ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ, ಆದ್ರೆ ದಿನಾ ನಡೆದ್ರೆ ಹಿಡಿತದಲ್ಲಿ ಇಡಬಹುದು" ಅಂದರು. ಯಜಮಾನರು ಮೊದಲ ಅರ್ಧ ಮಾತ್ರ ಕೇಳಿಸಿಕೊಂಡು ಮನೆಗೆ ಬಂದರು, ಅಂಗಡಿಗೆ ಬೀಗ ಹಾಕಿಸಿದರು, ಕಿಟಕಿ ಪಕ್ಕದ ಕುರ್ಚಿ ಹಿಡಿದರು. ಹೆಂಡತಿ ಸ್ಕೂಲಿನಲ್ಲಿ ಗಣಿತದ ಟೀಚರು. ಮನೆಯಲ್ಲೂ ಅದೇ ಕೆಲಸ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಬೆಂಕಿಪೊಟ್ಟಣದಷ್ಟು ದೊಡ್ಡ ಹೆಜ್ಜೆ ಎಣಿಸುವ ಯಂತ್ರ ಕೊಟ್ಟರು. ದಿನಾ ಮೂರು ಸಾವಿರ ಹೆಜ್ಜೆ ನಡೆಯಬೇಕು, ಎಷ್ಟು ನಿಮಿಷ, ಎಷ್ಟು ಹೆಜ್ಜೆ ಅಂತ ಪುಸ್ತಕದಲ್ಲಿ ಬರೆಯಬೇಕು ಅಂದರು. ಯಂತ್ರ ಒಂದು ಸಲ ಅಲ್ಲಾಡಿದರೆ ಒಂದು ಹೆಜ್ಜೆ ಅಂತ ಲೆಕ್ಕ. ಗಡಿಯಾರದವರ ತಲೆಗೆ ಅಷ್ಟು ಸಾಕಾಯಿತು. ಹೆಂಡತಿ ಸ್ಕೂಲಿನಲ್ಲಿರುವ ಹೊತ್ತಿಗೆ ಯಂತ್ರವನ್ನು ಪೆಂಡುಲಮ್ಮಿಗೆ ದಾರದಲ್ಲಿ ಕಟ್ಟುವುದು, ಐವತ್ತು ನಿಮಿಷ ಆದಮೇಲೆ ಬಿಚ್ಚುವುದು. ಹೀಗೆ ಮೂರು ತಿಂಗಳಿಂದ ಗಡಿಯಾರ ವಾಕಿಂಗ್ ಮಾಡುತ್ತಿತ್ತು, ಯಜಮಾನರು ಪುಸ್ತಕ ತುಂಬುತ್ತಿದ್ದರು.

ನಿನ್ನೆ ಶನಿವಾರ. ಅರ್ಧ ದಿನದ ಸ್ಕೂಲು ಅನ್ನುವುದನ್ನೇ ಮರೆತು ಮಧ್ಯಾಹ್ನ ಕಟ್ಟಿದ್ದರು. ಕಟ್ಟಿದ್ದನ್ನು ಬಿಚ್ಚುವ ಮೊದಲೇ ಹೆಂಡತಿ ಬಂದುಬಿಟ್ಟರು, ಬಂದವರು ಮೆಟ್ಟಿಲ ಮೇಲೆಯೇ ಕೂತು ಪರೀಕ್ಷೆ ಪೇಪರು ತಿದ್ದತೊಡಗಿದರು. ಇವತ್ತು ಬೆಳಗ್ಗೆ ಅವರು ತರಕಾರಿಗೆ ಹೋದಾಗ ಯಜಮಾನರು ಮೇಲೆ ಹೋಗಿ ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಫಿಸಿಯೋ ಮೇಡಂ ಬರಲು ಇನ್ನು ಹತ್ತು ನಿಮಿಷ.

ಯಜಮಾನರು: ಸುತ್ತು ಬಳಸಬೇಡ. ಗಡಿಯಾರ ಏನಾಯ್ತು?

ಟೀಚರಮ್ಮ: ಅಂಗಡಿಗೆ ಕಳಿಸ್ದೆ.

ಯಜಮಾನರು: ಯಾರ ಅಂಗಡಿಗೆ?

ಟೀಚರಮ್ಮ: ನಿಮ್ಮ ಅಂಗಡಿಗೇ. ನಿನ್ನೆ ಸಂಜೆ ನೀವು ಗೊರಕೆ ಹೊಡೀತಿದ್ರಿ. ಪಕ್ಕದ ಮನೆ ಬಡಗಿ ಹೊತ್ಕೊಂಡು ಬಂದ. ಗೋಡೆಗೆ ನೇತುಹಾಕಿ, ಓಡಿಸಿ ಬಂದ್ವಿ.

ಯಜಮಾನರು: ಓಡಿಸಿ ಬಂದ್ಯಾ? ಅಂದ್ರೆ ಅದು ರಾತ್ರಿಯೆಲ್ಲಾ ಓಡಿದೆಯಾ?

ಟೀಚರಮ್ಮ: ಗಡಿಯಾರ ಮತ್ತೇನು ಮಾಡುತ್ತೆ, ಮಲಗುತ್ತಾ? ಯಾಕ್ರೀ ಬೆವರ್ತಿದೀರಾ?

ಯಜಮಾನರು: ಬೆವರೂ ಇಲ್ಲ, ಗಿವರೂ ಇಲ್ಲ. ನಾಳೆ ಆ ಮೊಬೈಲ್ ಕವರಿನವನಿಗೆ ಅಂಗಡಿ ಬಿಟ್ಟುಕೊಡ್ತಿದೀವಿ. ಇರೋದನ್ನ ಖಾಲಿ ಮಾಡೋದು ಬಿಟ್ಟು ತುಂಬಿಸ್ತಾರಾ ಯಾರಾದ್ರೂ?

ಟೀಚರಮ್ಮ: 'ಬಿಟ್ಟುಕೊಡ್ತಿದೀನಿ' ಅನ್ನಿ. ನಾನು ಒಪ್ಪಿಲ್ಲ.

ಯಜಮಾನರು: ಒಂಬತ್ತು ಲೈಟ್ ಕಂಬ ದೂರ ಕಣೇ! ಉಸಿರಿಲ್ಲದವನಿಗೆ ಅದು ಬೇರೆ ದೇಶ ಇದ್ದಹಾಗೆ. ನಿನಗೇನು, ಹೇಳ್ತೀಯ. ಸವೆದ ಯಂತ್ರನ ಜಾಸ್ತಿ ಓಡಿಸಬಾರದು. ಇರೋ ಉಸಿರನ್ನ ನಡೆದು ನಡೆದು ಖರ್ಚು ಮಾಡ್ಕೊಂಡ್ರೆ ಆಮೇಲೆ ಮಾತಾಡೋಕೆ ಏನಿರುತ್ತೆ?

ಟೀಚರಮ್ಮ: ಮಾತಿಗೆ ಎತ್ತಿಟ್ಟಿರೋದು ಬೇಕಾದಷ್ಟಿದೆ ಬಿಡಿ, ನಾನು ದಿನಾ ಕೇಳ್ತಿದೀನಲ್ಲ.

ಯಜಮಾನರು: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದಾರೆ ಹಿರಿಯರು.

ಟೀಚರಮ್ಮ: ಚಾಚು ಅಂದ್ರು. ಚಾಚಿದ ಮೇಲೆ ಏಳಲೇಬೇಡ ಅಂದ್ರಾ?

ಬಾಗಿಲ ಗಂಟೆ ಸದ್ದಾಯಿತು. ಫಿಸಿಯೋ ಮೇಡಂ ಬಂದರು. ಕೈಯಲ್ಲಿ ಚೀಲ, ಕೊರಳಲ್ಲಿ ಸ್ಟಾಪ್‌ವಾಚು, ಮುಖದಲ್ಲಿ ಯಾರಿಗೂ ಬೇಡವಾದಷ್ಟು ಉತ್ಸಾಹ. ಕೂತವರೇ ಯಜಮಾನರ ಪುಸ್ತಕ ತಿರುವಿದರು.

ಫಿಸಿಯೋ: ಭೇಷ್ ಸರ್! ಒಂದು ದಿನವೂ ತಪ್ಪಿಲ್ಲ. ಮೂರು ಸಾವಿರ, ಎರಡು ಸಾವಿರದ ಎಂಟುನೂರ ಎಂಬತ್ತು, ಮೂರು ಸಾವಿರದ ಅರವತ್ತು... ನನ್ನ ಪೇಷಂಟುಗಳಲ್ಲಿ ನೀವೇ ಮೊದಲು. ಉಳಿದವರದ್ದು ಒಬ್ಬೊಬ್ಬರದು ಒಂದೊಂದು ಕತೆ. ಒಬ್ಬರಿಗೆ ಬಿಸಿಲು, ಒಬ್ಬರಿಗೆ ಗಾಳಿ, ಇನ್ನೊಬ್ಬರಿಗೆ ಚಪ್ಪಲಿ ಕಚ್ಚುತ್ತಂತೆ.

ಯಜಮಾನರು: ಜನಕ್ಕೆ ಶಿಸ್ತಿಲ್ಲ ಮೇಡಂ.

ಫಿಸಿಯೋ: ಎಲ್ಲಿ, ಯಂತ್ರ ಕೊಡಿ. ಬ್ಯಾಟರಿ ನೋಡ್ತೀನಿ.

ಯಜಮಾನರು: ಯಂತ್ರನಾ? ಯಂತ್ರ... ಅಂಗಡಿಯಲ್ಲಿದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಫಿಸಿಯೋ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

ಫಿಸಿಯೋ: ಅಂಗಡಿಯಲ್ಲಾ? ಹಾಗಾದ್ರೆ ನೀವು ಅಂಗಡಿವರೆಗೂ ನಡೀತಿದೀರಾ?

ಟೀಚರಮ್ಮ: ನನಗೊಂದು ಮಾತೂ ಹೇಳಿಲ್ಲ ನೋಡಿ ಮೇಡಂ! ಏನ್ರೀ, ನಡೀತಿದೀರಾ?

ಯಜಮಾನರು: ನಡೀತಿರುತ್ತೆ... ಅಂದ್ರೆ, ನಡೀತಿರ್ತೀನಿ. ಅದೇನು ದೊಡ್ಡ ವಿಷಯ.

ಫಿಸಿಯೋ: ದೊಡ್ಡ ವಿಷಯಾನೇ ಸರ್! ಹೋದ ಸಲ ಆಸ್ಪತ್ರೆ ವರಾಂಡದಲ್ಲಿ ಆರು ನಿಮಿಷಕ್ಕೆ ನೂರ ಎಂಬತ್ತು ಮೀಟರ್ ನಡೆದಿದ್ರಿ. ಎರಡು ಸಲ ಕೂತಿದ್ರಿ. ಒಂದು ಸಲ ನನ್ನನ್ನ ಬೈದಿದ್ರಿ.

ಟೀಚರಮ್ಮ: ಒಂದೇ ಸಲನಾ? ಪುಣ್ಯವಂತರು ನೀವು. ಇರಿ, ಓಡಿಹೋಗಿ ಆ ಯಂತ್ರ ತಂದುಬಿಡ್ತೀನಿ. ಎಲ್ಲಿಟ್ಟಿದೀರಿ? ಮೇಜಿನ ಮೇಲಾ? ಗಡಿಯಾರದ ಹತ್ರನಾ?

ಯಜಮಾನರು: ಬೇಡ! ನೀನು ಹೋಗಬೇಡ!

ಫಿಸಿಯೋ: ಹಾಗಾದ್ರೆ ನಾನು...

ಯಜಮಾನರು: ನೀವೂ ಬೇಡ! ನಾನೇ ಹೋಗ್ತೀನಿ. ಒಬ್ಬನೇ.

ವರ್ಷದಲ್ಲಿ ಮೊದಲ ಸಲ ಆ ಬಾಯಿಂದ 'ಹೋಗ್ತೀನಿ' ಅನ್ನುವ ಮಾತು ಹೊರಟಿತ್ತು. ಟೀಚರಮ್ಮ ಕಿಟಕಿ ಕಡೆ ತಿರುಗಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. ನಗು ಬಂದಿತ್ತೋ ಅಳು ಬಂದಿತ್ತೋ, ಆ ಹೊತ್ತಿಗೆ ತಿಳಿಯುವಂತಿರಲಿಲ್ಲ.

ಫಿಸಿಯೋ: ಒಬ್ಬರೇ ಯಾಕೆ? ಒಟ್ಟಿಗೇ ಹೋಗೋಣ. ಆರು ನಿಮಿಷದ ಪರೀಕ್ಷೆ ದಾರಿಯಲ್ಲೇ ಮುಗಿಯುತ್ತೆ. ಕಂಬದಿಂದ ಕಂಬಕ್ಕೆ ಮೂವತ್ತು ಮೀಟರ್, ಅಳತೆಗೂ ಸುಲಭ. ಇನ್‌ಹೇಲರ್ ಜೇಬಲ್ಲಿದೆಯಾ? ಬೆರಳು ಕೊಡಿ, ಈ ಕ್ಲಿಪ್ಪು ಹಾಕ್ತೀನಿ, ಆಕ್ಸಿಜನ್ ತೋರಿಸುತ್ತೆ.

ಯಜಮಾನರು: ನಿಮ್ಮ ಸ್ಟಾಪ್‌ವಾಚು ನಿಮಿಷಕ್ಕೆ ಎರಡು ಸೆಕೆಂಡು ಹಿಂದೆ ಬೀಳ್ತಿದೆ.

ಫಿಸಿಯೋ: ಕೈಗೇ ತಗೊಂಡಿಲ್ವಲ್ಲ ಸರ್ ನೀವು!

ಯಜಮಾನರು: ಆಗಲಿಂದ ಕೇಳಿಸ್ಕೊತಿದೀನಿ.

ಮೂವರೂ ರಸ್ತೆಗಿಳಿದರು. ಯಜಮಾನರ ತಲೆಯಲ್ಲಿ ಇದ್ದದ್ದು ಒಂದೇ. ಇವರಿಬ್ಬರಿಗಿಂತ ನಾಲ್ಕು ಹೆಜ್ಜೆ ಮುಂದೆ ಅಂಗಡಿ ಸೇರಬೇಕು, ಗಡಿಯಾರದ ಬಾಗಿಲು ತೆಗೆಯಬೇಕು, ಯಂತ್ರ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಆ ಮನಸ್ಸು ಮುಂದೆ ಓಡುತ್ತಿತ್ತು, ಕಾಲು ಅದರ ಹಿಂದೆ ಹೋಗುತ್ತಿತ್ತು.

ಫಿಸಿಯೋ: ಸರ್, ನಿಧಾನ! ಒಂದೇ ಹದದಲ್ಲಿ ನಡೀರಿ. ಮೂಗಲ್ಲಿ ಎಳ್ಕೊಳ್ಳಿ, ತುಟಿ ಸಣ್ಣ ಮಾಡಿ ಬಿಡಿ. ಬಿಸಿ ಕಾಫಿ ಆರಿಸ್ತಿರೋ ಹಾಗೆ.

ಯಜಮಾನರು: ಕಾಫಿ... ಕೊಟ್ಟಿದ್ರೆ... ಆರಿಸ್ತಿದ್ದೆ.

ಟೀಚರಮ್ಮ: ಮೂರನೇ ಕಂಬ ದಾಟಿದ್ರಿ ರೀ!

ಯಜಮಾನರು: ಎಣಿಸಬೇಡ್ವೇ. ಸ್ಕೂಲಲ್ಲ ಇದು.

ನಾಲ್ಕು, ಐದು, ಆರು. ಏಳನೇ ಕಂಬದ ಹತ್ತಿರ ಬರುವಾಗ ಯಜಮಾನರ ಹೆಜ್ಜೆ ತಾನಾಗಿಯೇ ಸಣ್ಣದಾಯಿತು. ಹೋದ ವರ್ಷ ಅವರು ಕುಸಿದು ಕೂತದ್ದು ಇದೇ ಕಂಬದ ಬುಡದಲ್ಲಿ. ಎಳೆದರೂ ಉಸಿರು ಒಳಗೆ ಬರುತ್ತಿರಲಿಲ್ಲ. ಸುತ್ತ ಜನ ಸೇರಿದ್ದರು. ಒಬ್ಬ ನೀರು ತಂದ, ಇನ್ನೊಬ್ಬ 'ಕುಡಿದಿದಾನೆ' ಅಂದ. ನಲವತ್ತು ವರ್ಷ ತಲೆಯೆತ್ತಿ ಓಡಾಡಿದ ರಸ್ತೆ ಅದು. ಸವೆದ ಯಂತ್ರ, ಖರ್ಚಾಗುವ ಉಸಿರು ಅಂತ ಅವರು ಏನೇನು ವಾದ ಹೂಡಿದರೂ, ನಿಜವಾದ ಕಾರಣ ಈ ಕಂಬದ ಬುಡದಲ್ಲಿತ್ತು. ಅವರಿಗೆ ಹೆದರಿಕೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ.

ಯಜಮಾನರು: ಸಾಕು ಮೇಡಂ. ವಾಪಸ್ ಹೋಗೋಣ. ಎಲ್ಲರೂ ನೋಡ್ತಿದಾರೆ.

ಟೀಚರಮ್ಮ: ಯಾರ್ರೀ ನೋಡ್ತಿರೋದು? ಕಣ್ಣೆತ್ತಿ ನೋಡಿ. ಎಲ್ಲರೂ ಅವರವರ ಫೋನು ನೋಡ್ತಿದಾರೆ. ಈಗ ನೀವು ಕುಣಿದ್ರೂ ಯಾರೂ ತಿರುಗಲ್ಲ.

ಫಿಸಿಯೋ: ಆಕ್ಸಿಜನ್ ಚೆನ್ನಾಗಿದೆ ಸರ್. ಏದುಸಿರು ಬರೋದು ಅಪಾಯ ಅಂತಲ್ಲ. ಬೇಕಾದ್ರೆ ನಿಂತ್ಕೊಳ್ಳಿ, ಸುಧಾರಿಸ್ಕೊಳ್ಳಿ, ಆಮೇಲೆ ಹೊರಡಿ. ನಿಂತ್ರೆ ಸೋತಹಾಗಲ್ಲ.

ಯಜಮಾನರು ಕಂಬಕ್ಕೆ ಕೈ ಕೊಟ್ಟು ನಿಂತರು. ತುಟಿ ಸಣ್ಣ ಮಾಡಿ ನಾಲ್ಕು ಸಲ ಉಸಿರು ಬಿಟ್ಟರು. ಐದನೆಯದಕ್ಕೆ ಉಸಿರು ತನ್ನಷ್ಟಕ್ಕೆ ತಾನೇ ಒಳಗೆ ಬಂತು. ಕಂಬದ ಬುಡವನ್ನು ಒಮ್ಮೆ ನೋಡಿ, ಕೈ ತೆಗೆದು, ಮುಂದೆ ಹೊರಟರು. ಎಂಟನೇ ಕಂಬ ಯಾವಾಗ ದಾಟಿತೋ ಯಾರೂ ಹೇಳಲಿಲ್ಲ.

ಫಿಸಿಯೋ: ಆರು ನಿಮಿಷ ಆಯ್ತು! ನಿಲ್ಲಿ ಸರ್! ಒಂಬತ್ತು ಕಂಬ, ಇನ್ನೂರ ಎಪ್ಪತ್ತು ಮೀಟರ್! ಸರ್, ನಿಲ್ಲಿ ಅಂದೆ!

ಯಜಮಾನರು ನಿಲ್ಲಲಿಲ್ಲ. ಎದುರಿಗೇ ಅಂಗಡಿ. ಬೀಗ ತೆಗೆದು, ಟೀಚರಮ್ಮನ ಕೈಯಲ್ಲಿ ಶಟರ್ ಎತ್ತಿಸಿ ಒಳಗೆ ನುಗ್ಗಿದರು. ಉಳಿದಿಬ್ಬರೂ ಹಿಂದೆಯೇ ಬಂದರು. ಗಡಿಯಾರಕ್ಕೆ ಅಡ್ಡ ನಿಂತು, ಬೆನ್ನ ಹಿಂದಿನಿಂದ ಯಂತ್ರ ಬಿಚ್ಚುವ ಉಪಾಯ ಯಜಮಾನರದು. ಆದರೆ ಒಳಗೆ ಕಾಲಿಟ್ಟವರ ಕಿವಿಗೆ ಒಂದು ಸದ್ದು ಬಿತ್ತು. ಟಿಕ್... ಟಾಕ್‌ಟಿಕ್... ಟಾಕ್‌ಟಿಕ್...

ಯಜಮಾನರು: ಅಯ್ಯೋ! ಕುಂಟ್ತಾ ಇದೆಯಲ್ಲೇ! ಯಾವ ಪುಣ್ಯಾತ್ಮ ಇದನ್ನ ಸೊಟ್ಟಗೆ ನೇತುಹಾಕಿದ್ದು?

ಟೀಚರಮ್ಮ: ನಾನೇ. ಯಾಕೆ, ಚೆನ್ನಾಗೇ ಕಾಣ್ತಿದೆಯಲ್ಲ.

ಯಜಮಾನರು: ಕಾಣೋದಲ್ಲ, ಕೇಳಿಸ್ಕೋ! ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ. ರಾತ್ರಿಯೆಲ್ಲಾ ಪಾಪದ್ದು ಕುಂಟ್ಕೊಂಡೇ ನಡೆದಿದೆ!

ಕೆಲಸಗಾರನ ಮುಂದೆ ಕಳ್ಳ ಸೋತ. ಇಬ್ಬರು ಹೆಂಗಸರು ನೋಡುತ್ತಿದ್ದಾರೆ ಅನ್ನುವುದನ್ನೇ ಮರೆತು ಯಜಮಾನರು ಗಡಿಯಾರದ ಗಾಜಿನ ಬಾಗಿಲನ್ನು ಪೂರ್ತಿ ತೆರೆದರು, ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರು. ಟಿಕ್, ಟಾಕ್, ಟಿಕ್, ಟಾಕ್. ಹಾಯಾಗಿ ನಕ್ಕು ತಿರುಗಿದರು. ಅವರ ಬೆನ್ನ ಹಿಂದೆ, ಪೆಂಡುಲಮ್ಮಿನ ಜೊತೆಗೆ, ಹೆಜ್ಜೆ ಎಣಿಸುವ ಯಂತ್ರ ಸುಖವಾಗಿ ತೂಗುತ್ತಿತ್ತು.

ಫಿಸಿಯೋ: ಸರ್, ಅದೇನದು?

ಯಜಮಾನರು: ಯಾವುದು? ಓ, ಅದಾ... ಅದು ತೂಕಕ್ಕೆ ಕಟ್ಟಿರೋದು.

ಫಿಸಿಯೋ ಮೇಡಂ ಯಂತ್ರ ಬಿಚ್ಚಿ ಕಣ್ಣ ಹತ್ತಿರ ಹಿಡಿದರು.

ಫಿಸಿಯೋ: ಎಪ್ಪತ್ತೊಂಬತ್ತು ಸಾವಿರದ ಇನ್ನೂರು ಹೆಜ್ಜೆ! ಶುರುವಾದ ಹೊತ್ತೂ ತೋರಿಸ್ತಿದೆ, ನಿನ್ನೆ ಮಧ್ಯಾಹ್ನ! ಇಷ್ಟು ನಡೆದಿದ್ರೆ ಈ ಹೊತ್ತಿಗೆ ನೀವು ನಾಲ್ಕು ಊರು ದಾಟಿರಬೇಕಿತ್ತು ಸರ್!

ಯಜಮಾನರು: ಸರಿ, ಸಿಕ್ಕಿಬಿದ್ದೆ. ಒಪ್ಕೊಂಡೆ. ಮೂರು ತಿಂಗಳಿಂದ ನಾನು ಒಂದು ದಿನವೂ ವಾಕಿಂಗ್ ಮಾಡಿಲ್ಲ. ಆದ್ರೆ ನೀವೇ ಹೇಳಿ ಮೇಡಂ, ಈಗ ಎಷ್ಟು ನಡೆದೆ?

ಫಿಸಿಯೋ: ಇನ್ನೂರ ಎಪ್ಪತ್ತು.

ಯಜಮಾನರು: ಮುಂಚೆ?

ಫಿಸಿಯೋ: ನೂರ ಎಂಬತ್ತು.

ಯಜಮಾನರು: ನೋಡಿದ್ರಾ! ನೋಡಿದ್ಯೇನೇ! ಸುಮ್ಮನೆ ಕೂತಿದ್ದಕ್ಕೆ ತೊಂಬತ್ತು ಮೀಟರ್ ಲಾಭ! ನಾನು ಹೇಳಿದ್ದೇ ಸರಿ. ವಿಶ್ರಾಂತಿಗಿಂತ ದೊಡ್ಡ ಮದ್ದಿಲ್ಲ. ಇದನ್ನ ನಿಮ್ಮ ಆಸ್ಪತ್ರೆ ಗೋಡೆ ಮೇಲೆ ಬರೆಸಿ.

ಫಿಸಿಯೋ ಮೇಡಂ ಮುಖ ಬಾಡಿತು. ಓದಿದ ಓದೆಲ್ಲ ನೀರಲ್ಲಿ ಹೋಮ ಆಯಿತೇನೋ ಅನ್ನುವಂತೆ ಯಂತ್ರವನ್ನೇ ನೋಡುತ್ತ ನಿಂತರು. ಆಗ ಟೀಚರಮ್ಮ ಸ್ಟೂಲಿನ ಧೂಳು ಒರೆಸಿ ಕೂತರು.

ಟೀಚರಮ್ಮ: ರೀ, ಮೇಡಂ ಯಂತ್ರ ಕೊಟ್ಟಾಗ ಈ ಗಡಿಯಾರ ಎಲ್ಲಿತ್ತು?

ಯಜಮಾನರು: ನಡುಮನೆಯಲ್ಲಿ.

ಟೀಚರಮ್ಮ: ಆಮೇಲೆ?

ಯಜಮಾನರು: ಸದ್ದಿಗೆ ತಲೆನೋವು ಅಂತ ನೀನೇ ಮೊದಲ ಮಹಡಿಗೆ ಹಾಕಿಸ್ದೆ. ಆಮೇಲೆ ಅಲ್ಲಿ ಪೇಪರ್ ತಿದ್ದೋಕಾಗಲ್ಲ ಅಂತ ತಾರಸಿ ಕೋಣೆಗೆ ಹಾಕಿಸ್ದೆ. ಅದಕ್ಕೇನೀಗ?

ಟೀಚರಮ್ಮ: ತಾರಸಿ ಕೋಣೆಗೆ ಮೂವತ್ತಾರು ಮೆಟ್ಟಿಲು. ಕಟ್ಟೋಕೆ ಒಂದು ಸಲ, ಬಿಚ್ಚೋಕೆ ಒಂದು ಸಲ. ಅಲ್ಲಿಗೆ ಹಾಕಿಸಿದ ಮೇಲೆ ದಿನಾ ಎಪ್ಪತ್ತೆರಡು ಮೆಟ್ಟಿಲು ಹತ್ತಿ, ಎಪ್ಪತ್ತೆರಡು ಇಳಿದಿದೀರಿ. ಭಾನುವಾರ ಮಾತ್ರ ರಜಾ ಇರಬೇಕು ಅಂದ್ಕೊಂಡಿದ್ದೆ. ಪುಸ್ತಕ ನೋಡಿದ್ರೆ ಅವತ್ತೂ ನಾನು ತರಕಾರಿಗೆ ಹೋದಾಗ ಹತ್ತಿದೀರಿ.

ಯಜಮಾನರು ಬೆರಳು ಮಡಚಿ ಲೆಕ್ಕ ಹಾಕಿ ಹೆಂಡತಿ ಕಡೆ ತಿರುಗಿದರು.

ಯಜಮಾನರು: ನಿನಗೆ... ಗೊತ್ತಿತ್ತಾ?

ಟೀಚರಮ್ಮ: ಮೊದಲ ವಾರವೇ ಗೊತ್ತಾಯ್ತು. ಐವತ್ತು ನಿಮಿಷಕ್ಕೆ ಮೂರು ಸಾವಿರ. ನಲವತ್ತೆಂಟು ನಿಮಿಷಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು. ಐವತ್ತೊಂದಕ್ಕೆ ಮೂರು ಸಾವಿರದ ಅರವತ್ತು. ಭಾಗಿಸಿದ್ರೆ ಯಾವ ದಿನವೂ ನಿಮಿಷಕ್ಕೆ ಅರವತ್ತೇ! ಮನುಷ್ಯ ಹಾಗೆ ನಡೆಯಲ್ಲ ರೀ. ಸುಳ್ಳು ಬರೆಯೋರು ನಿಮಿಷನೂ ಸುಳ್ಳು ಬರೀತಾರೆ. ನೀವು ಟೈಮ್ ವಿಷಯದಲ್ಲಿ ಸುಳ್ಳು ಹೇಳಲಾರದೆ ಸಿಕ್ಕಿಬಿದ್ರಿ.

ಯಜಮಾನರು: ಮತ್ತೆ ಅವತ್ತೇ ಯಾಕೆ ಹಿಡೀಲಿಲ್ಲ?

ಟೀಚರಮ್ಮ: ಮೂವತ್ತು ವರ್ಷ ಪರೀಕ್ಷೆ ಕೋಣೆ ಕಾಯ್ದವಳು ನಾನು. ಕಾಪಿ ಚೀಟಿ ಬರೆಯೋ ಮಕ್ಕಳು ಬರೀತಾ ಬರೀತಾ ಅರ್ಧ ಪಾಠ ಕಲಿತುಬಿಟ್ಟಿರ್ತಾರೆ. ಅದಕ್ಕೇ ಚೀಟಿ ಕಿತ್ಕೊಳ್ಳಲಿಲ್ಲ, ಸ್ವಲ್ಪ ಎತ್ತರದಲ್ಲಿಟ್ಟೆ. ಮೆಟ್ಟಿಲು ಹತ್ತಬಹುದಾ ಅಂತ ಮೇಡಂನೂ ಕೇಳಿದ್ದೆ.

ಫಿಸಿಯೋ: ಹೌದು, ನಿಧಾನಕ್ಕೆ ಹತ್ತಲಿ ಅಂದಿದ್ದೆ. ಕಳ್ಳತನಕ್ಕೆ ಹತ್ತಲಿ ಅಂತ ನಾನು ಹೇಳಿರಲಿಲ್ಲ!

ಟೀಚರಮ್ಮ: ನಿಧಾನಕ್ಕೇ ಹತ್ತಿದಾರೆ. ಶುರುವಲ್ಲಿ ಹತ್ತನೇ ಮೆಟ್ಟಿಲ ಮೇಲೆ ಇವರ ಕನ್ನಡಕ ಸಿಗ್ತಿತ್ತು. ಅಲ್ಲಿ ಕೂತಿದ್ರು ಅಂತ ಲೆಕ್ಕ. ತಿಂಗಳಾದ ಮೇಲೆ ಇಪ್ಪತ್ತನೇ ಮೆಟ್ಟಿಲಲ್ಲಿ ಇನ್‌ಹೇಲರ್ ಮುಚ್ಚಳ ಸಿಕ್ತು. ಸ್ಕೂಲಿಂದ ಬಂದವಳು ಕಾಲು ತೊಳೆಯೋಕೆ ಮುಂಚೆ ಮೆಟ್ಟಿಲು ನೋಡ್ತಿದ್ದೆ. ಎಲ್ಲಿ ಬಿದ್ದಿದಾರೋ ಅಂತ ಭಯ. ಈಗ ಮೂರು ವಾರದಿಂದ ಮೆಟ್ಟಿಲ ಮೇಲೆ ಏನೂ ಸಿಗ್ತಿಲ್ಲ. ತಾರಸಿ ಮೇಲೆ ಇನ್ನು ಆಕಾಶ ಬಿಟ್ರೆ ಜಾಗ ಇಲ್ಲ. ಅದಕ್ಕೇ ಅಂಗಡಿಗೆ ಕಳಿಸ್ದೆ.

ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಯಜಮಾನರು: ಅಂದ್ರೆ ಮೂರು ತಿಂಗಳು ನನಗೆ ಮೋಸ ಮಾಡಿದೀಯ.

ಟೀಚರಮ್ಮ: ನಿಮ್ಮ ಮೋಸಕ್ಕೆ ಜಾಗ ಹುಡುಕಿಕೊಟ್ಟೆ, ಅಷ್ಟೇ.

ಫಿಸಿಯೋ: ಸರ್, ಗೋಡೆ ಮೇಲಿನ ಈ ಬೋರ್ಡು ಬರೆದಿದ್ದು ಯಾರು? 'ಸುಮ್ಮನಿಟ್ಟ ಗಡಿಯಾರ ಬೇಗ ಕೆಡುತ್ತದೆ. ದಿನವೂ ಓಡಿಸಿ.'

ಯಜಮಾನರು: ಅದು ಗಿರಾಕಿಗಳಿಗೆ ಬರೆದಿದ್ದು!

ಅಷ್ಟರಲ್ಲಿ ಟೀಚರಮ್ಮನ ಫೋನು ಹೊಡೆದುಕೊಂಡಿತು. ಮೊಬೈಲ್ ಕವರಿನವನು. ಟೀಚರಮ್ಮ ಫೋನನ್ನು ಗಂಡನ ಮುಂದೆ ಹಿಡಿದರು. ಯಜಮಾನರು ಬೋರ್ಡು ನೋಡಿದರು, ತಮ್ಮ ಹಳೇ ಸ್ಟೂಲು ನೋಡಿದರು, ನೆಟ್ಟಗಾದ ಗಡಿಯಾರ ನೋಡಿದರು. ಆಮೇಲೆ ಫೋನು ಕಿವಿಗಿಟ್ಟುಕೊಂಡರು.

ಯಜಮಾನರು: ಹಲೋ. ಹೂಂ, ನಾನೇ. ನಾಳೆ ಬರಬೇಡಪ್ಪಾ, ಅಂಗಡಿ ಬಿಡ್ತಾ ಇಲ್ಲ... ಯಾಕೆ ಅಂದ್ರೆ? ಏನು ಹೇಳ್ಲಿ, ನಮ್ಮನೆಯವಳು ದಿನಾ ನಡೀರಿ ನಡೀರಿ ಅಂತ ಜೀವ ತಿಂತಾಳೆ. ನಡೆಯೋದು ಅಂದ್ರೆ ನನಗೆ ಮೊದಲಿಂದಲೂ ಆಗಲ್ಲ. ಅದಕ್ಕೆ ಒಂದು ಯಂತ್ರನ ಗಡಿಯಾರಕ್ಕೆ ಕಟ್ಟಿ ತಪ್ಪಿಸ್ಕೊತೀನಿ. ಆ ಗಡಿಯಾರ ಈಗ ಅಂಗಡಿಯಲ್ಲಿದೆ ನೋಡು. ಏನು ಮಾಡೋದು, ಇನ್ಮೇಲೆ ದಿನಾ ಬೆಳಗ್ಗೆ ಇಲ್ಲಿವರೆಗೆ ನಡ್ಕೊಂಡು ಬರಲೇಬೇಕಲ್ಲ!